ಚಪ್ಪಲಿ ಹುಡುಕಬೇಡ, ಅಧ್ಯಾಯ ಮುಗಿಸು

ಅಕ್ಕಾ,

ನಿನ್ನ ಚಪ್ಪಲಿಗಳನ್ನೆಲ್ಲ ಚೀಲಕ್ಕೆ ತುಂಬಿ ಗ್ಯಾರೇಜಿಗೆ ಒಯ್ದಿದ್ದೇನೆ. ಹೂವಿನ ಚಿತ್ತಾರದ ಜೋಡಿ ಮಾತ್ರ ನನ್ನ ಕಾಲಲ್ಲೇ ಇದೆ. ನನ್ನ ಬೂಟನ್ನು ಪೇಪರ್ ಹಾಕುವವನಿಗೆ ದಾನ ಮಾಡಿದೆಯಲ್ಲ, ಇನ್ನೇನು ಮಾಡಲಿ? ಗ್ಯಾರೇಜಿನ ಮೇಸ್ತ್ರಿ ನಕ್ಕರೆ ನಿನ್ನ ಹೆಸರೇ ಹೇಳುತ್ತೇನೆ.

ಪ್ರಬಂಧ ಒಪ್ಪಿಸಲು ಇವತ್ತೇ ಕಡೇ ದಿನ. ಊರವರ ಕಷ್ಟವನ್ನೆಲ್ಲ ತಲೆಮೇಲೆ ಹೊತ್ತುಕೊಂಡು ಕೊನೇ ಅಧ್ಯಾಯ ಹಾಗೇ ಬಿಟ್ಟಿದ್ದೀಯ. ನನಗೆ ಮೈಯೆಲ್ಲ ಉರಿಯುತ್ತಿದೆ!

ಮಹಡಿ ಅಜ್ಜಿಯ ನಲ್ಲಿ ಸೋರಿದರೆ ಬರಿಗಾಲಲ್ಲೇ ಓಡುವವಳು ನೀನು. ಅದಕ್ಕೇ ಬೆಳಿಗ್ಗೆ ನಾನೇ ಹೋಗಿ ಸರಿಮಾಡಿದೆ. "ನಿಮ್ಮಕ್ಕ ಆಗಿದ್ರೆ ಕೂತು ಮಾತಾಡ್ಸೋಳು ಕಣೋ" ಅಂದರು. ಕೂತೆ. ಮಂಡಿನೋವಿನ ಕಥೆಯನ್ನು ಮೊದಲಿಂದ ಕೇಳಿದೆ.

ಊಟ ಮುಚ್ಚಿಟ್ಟಿದ್ದೇನೆ. ನೀನೇ ತಿನ್ನು, ಯಾರಿಗೂ ಕೊಡಬೇಡ. ಮುಗಿದ ಕೂಡಲೇ ಫೋನ್ ಮಾಡು, ಚಪ್ಪಲಿ ತಂದು ಬೈಕಿನಲ್ಲಿ ಯೂನಿವರ್ಸಿಟಿಗೆ ಬಿಡುತ್ತೇನೆ.

ಎದುರುಮನೆ ಹುಡುಗಿಗೆ ನಾಳೆ ಗಣಿತ ಪರೀಕ್ಷೆಯಂತೆ. ನಿನಗೆ ಬಿಡುವಾಗದಿದ್ದರೆ ಸಂಜೆ ನಾನೇ ಹೇಳಿಕೊಡುತ್ತೇನೆ ಅಂದುಬಿಟ್ಟಿದ್ದೇನೆ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು ನಾನು. ಆ ಮಗುವಿನ ಮೇಲೆ ಒಂಚೂರಾದರೂ ಕರುಣೆಯಿದ್ದರೆ ಕೂತು ಬರಿ.

ನಿನ್ನ ತಮ್ಮ