ಕರೂರಿನವಳೆಂದು ಬರೆಸಿದೆ

ಕರೂರು, ಮಾರ್ಚ್ ೩, ೧೯೫೧

ನನ್ನ ಮುದ್ದು ಅಪ್ಪಾ, ನಮಸ್ಕಾರ.

ಬೇಸಿಗೆಗೆ ಮುಂಚೆ ನನ್ನನ್ನು ಮೈಸೂರಿಗೆ ಕರೆತರಲು ಅಣ್ಣನನ್ನು ಕಳಿಸುತ್ತೇನೆಂದು ಬರೆದಿದ್ದೀರಿ. ಬೇಡವೇ ಬೇಡ, ನಾನು ಬರುವುದಿಲ್ಲ! ಮೊನ್ನೆ ಜನಗಣತಿಯವರು ಬಂದಿದ್ದರು. ಇಲ್ಲಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ನೆರೆಯವರಿಂದ ಹೇಳಿಸುತ್ತಾರೆ. "ಈ ಮೈಸೂರಾಕಿನ್ನ ಯಾಕ ಬರಕೊಂತೀರಿ? ಬಿಸಲು ಬಿದ್ರ ಓಡಿ ಹೋಗಾಕಿ," ಎಂದು ನನ್ನ ಓರಗಿತ್ತಿ ಮಾರೆಮ್ಮ ಕೆಣಕಿದಳು. "ನಾನು ಉಚ್ಚೆಂಗೆಪ್ಪನವರ ಹೆಂಡತಿ, ಇದೇ ಊರಿನವಳು, ಬರೆದುಕೊಳ್ಳಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. "ಗಂಡನ ಹೆಸರು ಹಿಡಿದು ಒದರ್ತೀಯಲ್ಲವ್ವಾ, ನಾಚಿಕಿ ಇಲ್ಲೇನು?" ಎಂದು ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು. ಗಣತಿಯವರು ಬರೆದುಕೊಂಡೇಬಿಟ್ಟರು, ಅಪ್ಪಾ! ಇನ್ನು ಹೇಗೆ ಓಡಿಹೋಗಲಿ? ಈಗಲೇ ಮೈತುಂಬ ಬೆವರುಸಾಲೆ ಎದ್ದಿದೆ. ಅಣ್ಣನ ಬದಲು ಪೌಡರ್ ಕಳಿಸಿ, ದೊಡ್ಡ ಡಬ್ಬಿ.

ನಿಮ್ಮ ವನಜಾಕ್ಷಿ