ಹೆರಿಗೆ ವಾರ್ಡಿನ ಬಾಯಿ

ಸಿಂಧನೂರು
ಗುರುವಾರ

ಶೈಲಜಾ ಮೇಡಂ ಅವರಿಗೆ ನಮಸ್ಕಾರ.

ನನ್ನನ್ನು ಐಸಿಯುವಿನಿಂದ ಮತ್ತೆ ಹೆರಿಗೆ ವಾರ್ಡಿಗೇ ಕಳಿಸಿ ಎಂದು ಸೋಮವಾರ ಕೊಟ್ಟ ಅರ್ಜಿಯನ್ನು ದಯವಿಟ್ಟು ಹರಿದುಹಾಕಿ.

ಇಷ್ಟು ವರ್ಷ ಹೆರಿಗೆ ಮಾಡಿಸಿದವಳು ಈ ವಯಸ್ಸಿನಲ್ಲಿ ವೆಂಟಿಲೇಟರ್ ಕಲಿಯಬಲ್ಲೆನೇ ಎಂಬ ಅನುಮಾನ ಈಗಲೂ ಪೂರ್ತಿ ಹೋಗಿಲ್ಲ. ಅದರ ಅಲಾರಾಂ ಕೂಗಿದರೆ ಯಾವ ಗುಂಡಿ ಒತ್ತಲಿ ಎಂದು ತಡಕಾಡುತ್ತೇನೆ. ಆದರೆ ನಿನ್ನೆ ಬಳಗಾನೂರಿನ ಗೋಪಣ್ಣನವರ ಉಸಿರಾಟದ ಟ್ಯೂಬ್ ತೆಗೆದೆವು. ಗದ್ದೆಯಲ್ಲಿ ಹಾವು ಕಚ್ಚಿ ಬಂದವರು. ನೀವು ಕಲಿಸಿದ್ದನ್ನು ನನ್ನ ಕೈ ಒಂದೂ ಬಿಡದೆ ಮಾಡಿತು. ಬಾಯಿ ಮಾತ್ರ ಹಳೆಯ ವಾರ್ಡಿನಲ್ಲೇ ಇತ್ತು.

“ಜೋರು ಉಸ್ರು ತಗೋ ಯವ್ವಾ, ಇನ್ನೊಂದ್ ಸಲ ತಿಣುಕು, ಬಂತು, ಬಂದೇ ಬಿಡ್ತು” ಎಂದು ಕೂಗಿಬಿಟ್ಟೆ.

ಡಾಕ್ಟರು ಮುಖ ತಿರುಗಿಸಿ ನಕ್ಕರು. ನಾನು ನಾಚಿಕೆಯಿಂದ ಆಕ್ಸಿಜನ್ ಮಾಸ್ಕ್ ಹಿಡಿದು ನಿಂತೆ. ಗೋಪಣ್ಣ ಕೆಮ್ಮಿದರು, ಕಣ್ಣು ತೆರೆದರು, ಒಡೆದ ದನಿಯಲ್ಲಿ ಕೇಳಿದರು:

“ಏನ್ ಹುಟ್ಟೇತ್ರೀ ಸಿಸ್ಟರ್, ಗಂಡೋ ಹೆಣ್ಣೋ?”

ನಗು ತಡೆಯಲಾಗದೆ ಮಾಸ್ಕನ್ನು ಅವರ ಮುಖಕ್ಕೆ ಇಟ್ಟೆ.

ಹೆರಿಗೆ ವಾರ್ಡಿನ ರೂಪಾಳೂ ಐಸಿಯು ತರಬೇತಿಗೆ ಹೆದರುತ್ತಿದ್ದಾಳೆ. ಮುಂದಿನ ತಂಡಕ್ಕೆ ಅವಳ ಹೆಸರು ಸೇರಿಸಿಕೊಳ್ಳಿ. ಪಕ್ಕದಲ್ಲಿ ನಾನಿರುತ್ತೇನೆ. ಅವಳ ಬಾಯಿ ನನಗಿಂತ ದೊಡ್ಡದು.

ಐಸಿಯುವಿನಲ್ಲೇ ಉಳಿಯುವ,
ಶಿವಕುಮಾರಿ