ಮೂರು ಸುತ್ತು

ಬರ್ಚ್ ಕ್ರೀಕ್
ಜನವರಿ ೧೭, ಶುಕ್ರವಾರ

ಪ್ರೀತಿಯ ವಾಲ್ಟರ್,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಇದನ್ನು ಕಟ್ಟಿಗೆ ರಾಶಿಯ ಮೇಲೆ ಎಸೆಯುತ್ತೀಯ ಅಂತ ಗೊತ್ತು. ಎಸಿ. ಒಂದು ಬಟ್ಟಲು ಬೋರ್ಶ್ ಸಾರು ಕುಡಿದು, ಹೊಟ್ಟೆ ತಣ್ಣಗಾದ ಮೇಲೆ ಎತ್ತಿಕೊಂಡು ಓದು. ಹೊಟ್ಟೆ ತುಂಬಿದಾಗ ನೀನು ಅರ್ಧಕ್ಕರ್ಧ ಒಳ್ಳೆಯವನು.

ಮನೆ ನಿಂತಿದೆ. ಚಾವಣಿಯ ಹಿಮ ಜಾರಿ ಚಿಮಣಿಯ ಮುಚ್ಚಳ ಕಿತ್ತುಕೊಂಡು ಹೋಗಿತ್ತು, ನಾನೇ ಹತ್ತಿ ಕೂರಿಸಿದೆ. ನಿನ್ನ ತಮ್ಮ ಕುಜ್ಮಾ ಪ್ರತಿ ಭಾನುವಾರ ಕೋಲೂರಿಕೊಂಡು ಬರುತ್ತಾನೆ. ನಿನ್ನ ಕುರ್ಚಿಯಲ್ಲೇ ಕೂತು, ನಾನು ಮಾಡಿದ ಹೂರಣ ತುಂಬಿದ ಪಿರಾಹಿ ಆರು ತಿಂದು, ಹಿಟ್ಟು ದಪ್ಪವಾಯಿತು ಎನ್ನುತ್ತಾನೆ. ಎಡಗಾಲಿನಲ್ಲಿ ಮೂರು ಬೆರಳು ಇಲ್ಲ ಅನ್ನುವುದು ಬಿಟ್ಟರೆ ಮೊದಲಿನ ಹಾಗೇ ಇದ್ದಾನೆ.

ನಿನ್ನ ಸುದ್ದಿ ನನಗೆ ಬರುವುದು ಒರ್ವಿಲ್‌ನ ಬಿಡಿಭಾಗದ ಅಂಗಡಿಯಿಂದ. ಅವನಿಗೂ ಬೆಟ್ಟದ ಮೇಲೆ ನೀನು ಒಬ್ಬನೇ ಕಾಯುವ ಲಾಡ್ಜ್‌ಗೂ ರೇಡಿಯೋ ಮಾತು ಇದೆಯಲ್ಲ. ಹೋದ ವಾರ ಕರೆದು ಹೇಳಿದ: “ನಿನ್ ಗಂಡ ಇನ್ನೈದು ವರ್ಷಕ್ಕೆ ಅಲ್ಲೇ ಕಾವಲಿಗೆ ಒಪ್ಕೊಂಡಿದಾನಂತೆ ಕಣಮ್ಮಾ. ಇಪ್ಪತ್ತನೇ ತಾರೀಕು ಹೆಲಿಕಾಪ್ಟರ್‌ನಲ್ಲಿ ಕಾಗದ ಹೋಗುತ್ತೆ, ಸಹಿ ಹಾಕ್ತಾನೆ. ಅಲ್ಲಿ ಮಾತಾಡ್ಸೋಕೆ ಇರೋದು ಒಲೆ ಒಂದೇ. ಅದು ತಿರುಗಿ ಮಾತಾಡಲ್ಲ, ಅದಕ್ಕೇ ಇಷ್ಟ ಆಗಿದೆ.”

ಆ ಸಹಿ ಬೀಳುವ ಮೊದಲು ಈ ಪತ್ರ ನಿನ್ನ ಕೈಗೆ ಬರಬೇಕು. ಹೇಗೆ ಬರುತ್ತೆ ಅನ್ನುವುದು ನನಗೆ ಬಿಡು.

ಮೊದಲು ಸಣ್ಣ ತಪ್ಪು ಒಪ್ಪಿಕೊಳ್ಳುತ್ತೇನೆ. ನೀನು ಟಾರ್ಪಾಲು ಹೊದಿಸಿ, ಯಾರೂ ಮುಟ್ಟಬೇಡಿ ಎಂದು ಹೇಳಿಹೋದ ಹಿಮದ ಬೈಕನ್ನು ನಾನು ಮುಟ್ಟಿದೆ. ಮುಟ್ಟಿದೆ ಏನು, ಪೂರ್ತಿ ಬಿಚ್ಚಿಹಾಕಿದೆ. ನವೆಂಬರ್‌ನಲ್ಲಿ ಅದರ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆತ್ತಿ, ಹಿಂದಿನ ಚಕ್ರದ ಜಾಗದಲ್ಲಿ ನೀನು ಕೂರಿಸಿದ, ಸುತ್ತುವ ರಬ್ಬರ್ ಪಟ್ಟಿಯ ಟ್ರ್ಯಾಕನ್ನು ಕೈಯಿಂದ ತಿರುಗಿಸಲು ನೋಡಿದೆ. ಅಲುಗಲಿಲ್ಲ. ಅಪ್ಪನ ಆಲೂಗಡ್ಡೆ ಮೂಟೆ ತೂಗುವ ಸ್ಪ್ರಿಂಗ್ ತಕ್ಕಡಿ ತಂದು, ಕೊಕ್ಕೆಯನ್ನು ಟ್ರ್ಯಾಕಿಗೆ ಸಿಕ್ಕಿಸಿ ಎಳೆದೆ. ಮುಳ್ಳು ಹತ್ತೊಂಬತ್ತು ಕಿಲೋಗೆ ಬಂದಾಗ ಮಿಸುಕಿತು. ಸುಮ್ಮನೆ ಸುತ್ತುವುದಕ್ಕೇ ಅಷ್ಟು ಶಕ್ತಿ ತಿಂದರೆ, ಹಿಮದಲ್ಲಿ ಮುಂದೆ ಹೋಗಲು ಇಂಜಿನ್ನಿಗೆ ಏನು ಉಳಿಯುತ್ತೆ ಹೇಳು.

ಆವತ್ತಿನಿಂದ ಬೆಳಿಗ್ಗೆ ಸ್ಕೂಲ್ ಬಸ್ ಓಡಿಸಿ ಬಂದವಳೇ ಶೆಡ್ಡಿಗೆ ಹೋಗುತ್ತಿದ್ದೆ. ಟ್ರ್ಯಾಕಿನ ಒಳಗಿನ ಸಣ್ಣ ಗಾಲಿಗಳ ಬೇರಿಂಗಿನಲ್ಲಿ ಜಿಗಟು ಗ್ರೀಸು ಗಟ್ಟಿಯಾಗಿ ಕೂತಿತ್ತು. ಎಲ್ಲಾ ತೊಳೆದು ಚಳಿಗೆ ಹೆಪ್ಪುಗಟ್ಟದ ತೆಳು ಗ್ರೀಸು ತುಂಬಿದೆ. ಹಿಂದಿನ ಎರಡು ಗಾಲಿ ತೆಗೆದು ದೊಡ್ಡವು ಹಾಕಿದೆ, ಟ್ರ್ಯಾಕ್ ತಿರುವಿನಲ್ಲಿ ಅಷ್ಟು ಮುದುಡಬೇಕಿಲ್ಲ ಈಗ. ಅದು ಉಜ್ಜಿಕೊಂಡು ಓಡುವ ಪ್ಲಾಸ್ಟಿಕ್ ಪಟ್ಟಿಯ ಉದ್ದಕ್ಕೆ ಇನ್ನೆರಡು ಗಾಲಿ ಸೇರಿಸಿದೆ. ಒರ್ವಿಲ್ ಗಾಲಿ ಕಟ್ಟಿಕೊಡುತ್ತಾ, “ಬೋರ್ಶ್ ಕುದಿಸೋ ಕೈಗೆ ಬೇರಿಂಗ್ ಯಾಕಮ್ಮಾ?” ಅಂದ. “ಬೇರಿಂಗ್ ಉಪ್ಪು ಜಾಸ್ತಿ ಆಯ್ತು ಅನ್ನಲ್ಲ, ಅದಕ್ಕೆ” ಅಂದೆ. ಆಮೇಲೆ ಬಾಯಿ ಮುಚ್ಚಿಕೊಂಡು ಒಳ್ಳೆಯ ಮಾಲು ಹುಡುಕಿಕೊಟ್ಟ.

ಇಷ್ಟು ಮಾಡಿಯೂ ತಕ್ಕಡಿ ಹದಿನಾಲ್ಕಕ್ಕಿಂತ ಕೆಳಗೆ ಇಳಿಯಲಿಲ್ಲ. ಉಳಿದದ್ದು ಒಂದೇ, ಟ್ರ್ಯಾಕಿನ ಬಿಗಿ. ಅಲ್ಲಿಗೆ ಕೈ ಹಾಕಲು ನಾನು ಎರಡು ವಾರ ತಡ ಮಾಡಿದೆ. ಯಾಕೆ ಎಂದು ಈಗ ಬರೆಯುತ್ತೇನೆ.

ಹೋದ ಫೆಬ್ರವರಿಯ ಆ ಬೆಳಿಗ್ಗೆ ನೆನಪಿಸಿಕೋ. ಮೂವತ್ತೆಂಟು ಕಿಲೋಮೀಟರ್ ಮೇಲಿನ ಗುಡಿಸಲಿನಲ್ಲಿ ಕುಜ್ಮಾ ಕಾಲು ಮುರಿದುಕೊಂಡು ಬಿದ್ದಿದ್ದ. ಮೋಡ ಕವಿದು ಹೆಲಿಕಾಪ್ಟರ್ ಏಳುವಂತಿರಲಿಲ್ಲ. ಬೈಕಿನಲ್ಲಿ ಪೆಟ್ರೋಲ್ ಡಬ್ಬ ಕಟ್ಟುವ ಜಾಗದಲ್ಲಿ ಕಂಬಳಿ, ಔಷಧಿ, ಕಾಲಿಗೆ ಕಟ್ಟುವ ಹಲಗೆ ಕಟ್ಟಿದೆವು. ವಾಪಸ್ಸಿಗೆ ಗುಡಿಸಲಲ್ಲೇ ಪೆಟ್ರೋಲ್ ಇತ್ತು, ಹೋಗುವುದಕ್ಕೆ ಟ್ಯಾಂಕಿನ ಎಂಟು ಲೀಟರ್ ಸಾಕು ಅಂದೆ ನೀನು. ನೀನು ಒಳಗೆ ಹೋಗಿ ಬೂಟು ಹಾಕಿಕೊಳ್ಳುತ್ತಿದ್ದೆ. ನಾನು ಶೆಡ್ಡಿನಲ್ಲಿ ಒಬ್ಬಳೇ ಇದ್ದೆ. ಟ್ರ್ಯಾಕ್ ಜೋತುಬಿದ್ದ ಹಾಗೆ ಕಂಡಿತು. ದಾರಿಯಲ್ಲಿ ಅದನ್ನು ಎಳೆಯುವ ಚಕ್ರದ ಹಲ್ಲು ತಪ್ಪಿ ಜಾರಿದರೆ ಏನು ಗತಿ ಅಂತ ಭಯವಾಯಿತು. ಸ್ಪ್ಯಾನರ್ ತೆಗೆದುಕೊಂಡು ಎರಡೂ ಕಡೆಯ ಬೋಲ್ಟನ್ನು ಮೂರು ಮೂರು ಸುತ್ತು ಬಿಗಿ ಮಾಡಿದೆ.

ಶೆಡ್ಡಿನಲ್ಲಿ ಒಲೆ ಉರಿಯುತ್ತಿತ್ತು. ಹೊರಗೆ ಮೈನಸ್ ಇಪ್ಪತ್ತೇಳು. ಬೆಚ್ಚಗಿದ್ದಾಗ ಬಿಗಿ ಮಾಡಿದ ರಬ್ಬರು ಚಳಿಗೆ ಇನ್ನೂ ಕುಗ್ಗುತ್ತೆ. ಈ ಊರಿನಲ್ಲಿ ಹುಟ್ಟಿದವಳು ನಾನು, ಇಷ್ಟು ಗೊತ್ತಿರಬೇಡವೇ. ನಿನಗೆ ಹೇಳಲೂ ಇಲ್ಲ. ನೀನು ಬಂದೆ, ಹತ್ತಿದೆ, ಹೋದೆ.

ಮೂವತ್ತೆರಡನೇ ಕಿಲೋಮೀಟರಿನಲ್ಲಿ ಪೆಟ್ರೋಲ್ ಮುಗಿಯಿತು. ಉಳಿದ ಆರನ್ನು ನೀನು ಸೊಂಟದುದ್ದ ಹಿಮದಲ್ಲಿ ಐದು ಗಂಟೆ ನಡೆದೆ. ಅಷ್ಟರಲ್ಲಿ ಕುಜ್ಮಾನ ಒಲೆ ಆರಿ, ಕಾಲಿನ ಮೂರು ಬೆರಳು ಚಳಿಗೆ ಸತ್ತುಹೋಗಿದ್ದವು.

ಊರಿಗೆ ಬಂದ ಮೇಲೆ ನೀನು ಒಂದೇ ಮಾತು ಹೇಳುತ್ತಿದ್ದೆ, ಲೆಕ್ಕ ತಪ್ಪಿದ್ದು ನಾನು, ನನ್ನ ತಮ್ಮನ ಕಾಲು ತಿಂದವನು ನಾನು ಅಂತ. ನಾನು ಪಕ್ಕದಲ್ಲಿ ಕೂತು, ಹೋಗಲಿ ಬಿಡು, ಯಾರಿಗಾದರೂ ತಪ್ಪುತ್ತೆ ಅನ್ನುತ್ತಿದ್ದೆ. ಸಮಾಧಾನ ಮಾಡುತ್ತಾ ಮಾಡುತ್ತಾ ತಪ್ಪು ನಿನ್ನದೇ ಅಂತ ನಿನ್ನನ್ನು ಒಪ್ಪಿಸಿಬಿಟ್ಟೆ. ಕೊನೆಗೆ ನನ್ನ ಸಮಾಧಾನ ಕೇಳಲಾರದೆ ನೀನು ಅಕ್ಟೋಬರಿನಲ್ಲಿ ಬೆಟ್ಟ ಹತ್ತಿದೆ. ಮೇಲಿನ ಪುಟದಲ್ಲಿ ಒಂದು ಸಾಲು ಹೊಡೆದುಹಾಕಿದ್ದೇನೆ ನೋಡು. ‘ಆಗ ನನಗೆ ಗೊತ್ತಿರಲಿಲ್ಲ’ ಎಂದು ಬರೆದಿದ್ದೆ. ಅದು ಸುಳ್ಳು. ಅನುಮಾನ ಇತ್ತು. ಅಳೆದು ನೋಡುವ ಧೈರ್ಯ ಇರಲಿಲ್ಲ.

ಡಿಸೆಂಬರಿನಲ್ಲಿ ಅಳೆದು ನೋಡಿದೆ. ಬಿಚ್ಚಿದ್ದನ್ನೆಲ್ಲ ಮರಳಿ ಹಳೆಯ ಹಾಗೇ ಜೋಡಿಸಿ, ಒಂದೇ ಲೀಟರ್ ಪೆಟ್ರೋಲ್ ಹಾಕಿ ಹೊಳೆದಡದ ದಾರಿಯಲ್ಲಿ ಓಡಿಸಿದೆ. ನನ್ನ ಮೂರು ಸುತ್ತಿನ ಬಿಗಿಯಲ್ಲಿ ನಾಲ್ಕು ಕಿಲೋಮೀಟರ್ ಹೋಯಿತು. ಆ ಮೂರು ಸುತ್ತು ಬಿಚ್ಚಿ ಮತ್ತೊಂದು ಲೀಟರ್ ಹಾಕಿದರೆ ಐದು. ಎಂಟು ಲೀಟರಿಗೆ ನಲವತ್ತು. ನೀನು ಇಟ್ಟ ಹದದಲ್ಲೇ ಬಿಟ್ಟಿದ್ದರೆ ಗುಡಿಸಲು ಮುಟ್ಟಿ ಇನ್ನೆರಡು ಕಿಲೋಮೀಟರಿನ ಪೆಟ್ರೋಲ್ ಉಳಿಯುತ್ತಿತ್ತು. ನಿನ್ನ ಲೆಕ್ಕ ಸರಿಯಿತ್ತು, ವಾಲ್ಟರ್.

ಮೊದಲು ಕುಜ್ಮಾನಿಗೆ ಹೇಳಿದೆ. ನಮ್ಮವರ ಪ್ರಾರ್ಥನಾ ಮನೆಯಲ್ಲಿ ಮಾಡುವ ಹಾಗೆ ಮೇಜಿನ ಮೇಲೆ ರೊಟ್ಟಿ, ಉಪ್ಪು, ನೀರು ಇಟ್ಟು, ಅವನ ಮುಂದೆ ತಲೆ ನೆಲ ಮುಟ್ಟುವಷ್ಟು ಬಾಗಿ ಹೇಳಿದೆ. ಅವನು ಕೈ ಹಿಡಿದು ನನ್ನನ್ನು ಎಬ್ಬಿಸಿದ. ಆಮೇಲೆ, “ಮೂರು ಸುತ್ತಿಗೆ ಮೂರು ಬೆರಳು. ಇನ್ನೆರಡು ಸುತ್ತು ಹಾಕಿದ್ರೆ ಪೂರ್ತಿ ಹೋಗ್ತಿತ್ತು, ಪುಣ್ಯ ಅತ್ತಿಗೆ” ಅಂದ. ನಾನು ಅತ್ತೆ. ಅವನೂ ಅತ್ತ. ಹೋಗುವಾಗ ಬಾಗಿಲಲ್ಲಿ ನಿಂತು, “ಅಣ್ಣಂಗೆ ನೀನು ಹೇಳ್ತೀಯೋ, ನಾನು ಕುಂಟ್ಕೊಂಡು ಹೋಗಿ ಹೇಳ್ಲೋ?” ಎಂದು ಕೇಳಿದ. ನಾನೇ ಹೇಳುತ್ತೇನೆ ಅಂದೆ.

ಹೊಸ ಗಾಲಿ, ಹೊಸ ಗ್ರೀಸು ಎಲ್ಲವನ್ನೂ ಮತ್ತೆ ಹಾಕಿ, ಟ್ರ್ಯಾಕನ್ನು ಎರಡು ಬೆರಳು ಜೋತುಬೀಳುವಷ್ಟು ಸಡಿಲ ಬಿಟ್ಟೆ. ಮೊದಲ ಏರಿನಲ್ಲೇ ಅದು ಹಲ್ಲು ತಪ್ಪಿ ಲಟಲಟ ಜಾರಿ ನನ್ನನ್ನು ಹಿಮಕ್ಕೆ ಕೆಡವಿತು. ನಾನು ಹೆದರಿದ್ದು ಇದಕ್ಕೇ ಅಲ್ಲವೇ ಅಂತ ಅಲ್ಲೇ ಬಿದ್ದುಕೊಂಡು ಯೋಚಿಸಿದೆ. ಭಯ ಸುಳ್ಳಲ್ಲ, ಅದಕ್ಕೆ ನಾನು ಹುಡುಕಿದ ಮದ್ದು ತಪ್ಪು. ಟ್ರ್ಯಾಕ್ ಎಳೆಯುವ ಹಲ್ಲುಚಕ್ರ ಬದಲಿಸಿ ಎರಡು ಸಾಲು ಹಲ್ಲಿನದು ಹಾಕಿದೆ. ಈಗ ಸಡಿಲವಿದ್ದರೂ ಹಿಡಿತ ತಪ್ಪುವುದಿಲ್ಲ. ತಕ್ಕಡಿ ತೋರಿಸುವುದು ಏಳು ಕಿಲೋ.

ಮನೆಗೆ ಬಾ ಎಂದು ಬೇಡಲು ಇದನ್ನು ಬರೆಯುತ್ತಿಲ್ಲ. ಆ ಕಾಗದಕ್ಕೆ ಸಹಿ ಹಾಕಬೇಕಿದ್ದರೆ ಹಾಕು. ಆದರೆ ನನ್ನ ತಪ್ಪನ್ನು ಹೊತ್ತುಕೊಂಡು ಹಾಕಬೇಡ. ಅದನ್ನು ನನಗೆ ವಾಪಸ್ ಕೊಡು.

ಇಪ್ಪತ್ತಾರು ವರ್ಷದಿಂದ ನಿನ್ನವಳು, ಇವತ್ತಿಗೂ,
ಲೂಶಾ

ತಾ.ಕ. ಶನಿವಾರ, ಮಧ್ಯಾಹ್ನ ಒಂದೂಕಾಲು. ಅಕ್ಷರ ಸೊಟ್ಟಗಿದ್ದರೆ ಕೈಗವಸು ಕಾರಣ. ನಿನ್ನ ಟ್ಯಾಂಕ್ ಬರಿದಾದ ತಿರುವು ದಾಟಿದೆ, ನಿಲ್ಲಿಸಲಿಲ್ಲ. ಕುಜ್ಮಾನ ಗುಡಿಸಲೂ ದಾಟಿ ಇನ್ನಾರು ಕಿಲೋಮೀಟರ್ ಬಂದು ನಿನ್ನ ಲಾಡ್ಜ್ ಮುಟ್ಟಿದೆ. ಟ್ಯಾಂಕಿನಲ್ಲಿ ಕಡ್ಡಿ ಅದ್ದಿ ನೋಡಿದೆ, ಅದೇ ಎಂಟು ಲೀಟರಿನಲ್ಲಿ ಒಂದೂವರೆ ಉಳಿದಿದೆ. ಒರ್ವಿಲ್ ತಂತಿ ಸುತ್ತಿ ಮೊಹರು ಮಾಡಿಕೊಟ್ಟ ಪೆಟ್ರೋಲ್ ಡಬ್ಬ ಒಡೆದಿಲ್ಲ, ಬೇಕಾದರೆ ನೋಡು. ಪತ್ರವನ್ನು ಬಾಗಿಲ ಸಂದಿಯಲ್ಲಿ ತೂರಿಸಿ ನಿನ್ನ ಕಟ್ಟಿಗೆ ಶೆಡ್ಡಿನ ಹತ್ತಿರ ಕೂತಿರುತ್ತೇನೆ. ಬೋರ್ಶ್ ಕುಡಿದು ಓದು ಅಂದಿದ್ದೆ, ಅಷ್ಟು ಹೊತ್ತು ಮಾಡಬೇಡ, ಚಳಿಯಾಗುತ್ತಿದೆ. ಬಾಗಿಲು ತೆರೆಯದಿದ್ದರೆ ಡಬ್ಬ ಒಡೆದುಕೊಂಡು ವಾಪಸ್ ಹೋಗುತ್ತೇನೆ, ಅಷ್ಟು ಪೆಟ್ರೋಲ್ ಇದೆ. ತೆರೆದರೆ, ಮೊದಲು ನನ್ನ ಮುಖ ನೋಡಬೇಡ. ಟ್ರ್ಯಾಕ್ ಮುಟ್ಟಿ ನೋಡು. ತೀರ ಸಡಿಲ ಅನ್ನಿಸುತ್ತೆ. ಬಿಗಿ ಮಾಡಬೇಡ.